ಮಳೆಗಾಲದಲ್ಲಿ ನೀಲಿ ಹರಳು ಒಣಗಿಸಿದ್ದು

ಕಾರವಾರದ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಕಷ್ಟ. ಪದವಿ ವಿದ್ಯಾರ್ಥಿಗಳಿಗೆ ಟೆಟ್ರಾಅಮ್ಮೀನ್ ಕಾಪರ್ ಸಲ್ಫೇಟ್, ಅಂದರೆ ತಾಮ್ರಕ್ಕೆ ಅಮೋನಿಯಾ ಅಂಟಿಕೊಂಡ ಕಡುನೀಲಿ ಹರಳು, ಮಾಡಿಸುವ ಪ್ರಯೋಗ ನಮ್ಮಲ್ಲಿ ಬರುವುದೂ ಜುಲೈನಲ್ಲೇ.

5 ಗ್ರಾಂ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) 30 ಮಿ.ಲೀ. ನೀರಿನಲ್ಲಿ ಕರಗಿಸಿ, ಕಿಟಕಿಗಳನ್ನೆಲ್ಲ ತೆರೆದಿಟ್ಟು, ಸಾಂದ್ರ ಅಮೋನಿಯಾವನ್ನು ಹನಿಹನಿಯಾಗಿ ಬಿಡುತ್ತೇವೆ. ಮೊದಲು ತಿಳಿನೀಲಿ ಗಸಿ ಏಳುತ್ತದೆ. ಹೆಚ್ಚಿನವರು ಇಲ್ಲಿಗೇ ಕೈ ನಿಲ್ಲಿಸಿ ನನ್ನ ಮುಖ ನೋಡುತ್ತಾರೆ. ಕಲಕುತ್ತ ಇನ್ನಷ್ಟು ಬಿಟ್ಟರೆ ಗಸಿ ಪೂರ್ತಿ ಕರಗಿ ಶಾಯಿಯಂಥ ಕಡುನೀಲಿಯಾಗುತ್ತದೆ. ತಾಮ್ರದ ಅಯಾನನ್ನು ಸುತ್ತುವರಿದಿದ್ದ ನೀರಿನ ಅಣುಗಳಲ್ಲಿ ನಾಲ್ಕರ ಜಾಗವನ್ನು ಅಮೋನಿಯಾ ಹಿಡಿಯಿತು ಎಂದರ್ಥ.

"ಸರ್, ನಮ್ಮನೆ ಅಡಿಕೆಗೆ ಮದ್ದು ಹೊಡೆಯೋದೂ ಇದೇ ಮೈಲುತುತ್ತ ಅಲ್ವಾ?" ಎಂದಳು ಶಿರಸಿ ಕಡೆಯ ಹುಡುಗಿಯೊಬ್ಬಳು. ಹೌದು, ಅದೇ. ಅಲ್ಲಿ ಸುಣ್ಣದ ಜೊತೆ ಸೇರಿ ಬೋರ್ಡೋ ದ್ರಾವಣವಾಗಿ ಕೊಳೆರೋಗ ತಡೆಯುತ್ತದೆ.

ಆಮೇಲೆ ಅಷ್ಟೇ ಪ್ರಮಾಣದ ಆಲ್ಕೋಹಾಲನ್ನು ಬೀಕರಿನ ಗೋಡೆಗುಂಟ ಮೆಲ್ಲಗೆ ಇಳಿಸಿ, ಮುಚ್ಚಿ, ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ತಳದಲ್ಲಿ ಸೂಜಿಯಂಥ ಹರಳುಗಳು. ಸೋಸಿ, ಅಮೋನಿಯಾ ಬೆರೆಸಿದ ಆಲ್ಕೋಹಾಲಿನಿಂದ ತೊಳೆದೆವು. ಬರೀ ನೀರಿನಲ್ಲಿ ತೊಳೆದರೆ ಹರಳು ಕರಗಿಹೋಗುತ್ತದೆ.

ಒಣಗಿಸಲೆಂದು ಒಲೆಯ ಬಿಸಿ ತಾಗಿಸಿದರೆ ಹರಳಿನಲ್ಲಿರುವ ಅಮೋನಿಯಾ ಹಾರಿಹೋಗುತ್ತದೆ. ಹಾಗಾಗಿ ಮೊದಲ ವರ್ಷ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಡೆಸಿಕೇಟರಿನಲ್ಲಿ, ಅಂದರೆ ಬಿಸಿಯಿಲ್ಲದೆ ಒಣಗಿಸುವ ಬಿಗಿ ಮುಚ್ಚಳದ ಗಾಜಿನ ಪಾತ್ರೆಯಲ್ಲಿ, ಇಟ್ಟಿದ್ದೆ. ನಾಲ್ಕು ದಿನ ಬಿಟ್ಟು ತೆರೆದರೆ ಹರಳಿನ ಮೈಮೇಲೆ ಪೇಲವ ಪುಡಿ. ಎರಡು ದಿನ ಅದನ್ನೇ ಯೋಚಿಸಿದೆ. ಕ್ಯಾಲ್ಸಿಯಂ ಕ್ಲೋರೈಡ್ ನೀರನ್ನಷ್ಟೇ ಹೀರುವುದಿಲ್ಲ, ಅಮೋನಿಯಾವನ್ನೂ ತನಗೆ ಕಟ್ಟಿಕೊಳ್ಳುತ್ತದೆ. ಅಮೋನಿಯಾ ಅನಿಲ ಒಣಗಿಸಲು ಅದನ್ನು ಬಳಸಬಾರದೆಂದು ನಾನೇ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಆದರೂ ಹರಳಿನ ವಿಷಯದಲ್ಲಿ ಅದು ಹೊಳೆದಿರಲಿಲ್ಲ.

ಮರುವರ್ಷ ಸುಟ್ಟ ಸುಣ್ಣ ಹಾಕಿದೆ. ಕುಮಟಾ ಕಡೆಯಿಂದ ತರಿಸಿದ, ಚಿಪ್ಪಿ ಸುಟ್ಟ ಸುಣ್ಣ, ಇನ್ನೂ ಅರಳದ ಗಟ್ಟಿಗಳು. ಒಂದು ಚೂರಿಗೆ ನೀರು ಚಿಮುಕಿಸಿದಾಗ ಸುಯ್ಯೆಂದು ಬಿಸಿಯೇರಿತು, ಸುಣ್ಣ ತಾಜಾ ಇದೆ ಎಂದು ಖಾತ್ರಿಯಾಯಿತು. ಅದು ತೇವವನ್ನು ಹೀರುತ್ತದೆ, ಅಮೋನಿಯಾವನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲಲ್ಲಿ ಎರಡು ಹನಿ ಅಮೋನಿಯಾವನ್ನೂ ಇಟ್ಟಿದ್ದೆ.

ಲೆಕ್ಕದ ಪ್ರಕಾರ 4.92 ಗ್ರಾಂ ಸಿಗಬೇಕು, ನಮಗೆ 4.3 ಬಂತು. ಕಾಲು ಚಮಚ ತೆಗೆದು ದುರ್ಬಲ ಸಲ್ಫ್ಯೂರಿಕ್ ಆಮ್ಲ ಹಾಕಿದೊಡನೆ ಕಡುನೀಲಿ ಇಳಿದು ಮತ್ತೆ ಮೈಲುತುತ್ತದ ತಿಳಿಬಣ್ಣ ಬಂತು. ಆಮ್ಲ ಅಮೋನಿಯಾವನ್ನು ತಾಮ್ರದಿಂದ ಕಿತ್ತುಕೊಂಡಿತ್ತು. ಉಳಿದದ್ದನ್ನು ಬಿಗಿ ಮುಚ್ಚಳದ ಸೀಸೆಗೆ ತುಂಬಿಸಿದೆವು. ಚೌತಿ ರಜೆ ಮುಗಿಸಿ ಬಂದು ನೋಡಿದಾಗಲೂ ಬಣ್ಣ ಕೆಟ್ಟಿರಲಿಲ್ಲ.