ಆಣಿಗೆ ಬೇರಿಲ್ಲ, ಶೂ ನೋಡಿ

ಕಾಲಲ್ಲಿ ಆಣಿ ಎದ್ದರೆ ಎಷ್ಟೋ ಜನ ಮೊದಲು ಹುಡುಕುವುದು ಬ್ಲೇಡನ್ನು. ನಾನೂ ಹಾಗೇ ಮಾಡಿದವಳು. ಬಲಗಾಲಿನ ಕಿರುಬೆರಳ ಮೇಲೆ ಮೆಣಸುಕಾಳಿನಷ್ಟು ಒಂದು ಆಣಿ. ಬೇರು ಸಮೇತ ಕಿತ್ತುಬಿಡೋಣ ಅಂತ ಕೂತು ಕೆತ್ತಿದೆ. ರಕ್ತ ಬಂತು, ಆಮೇಲೆ ಕೀವಾಯ್ತು, ಎರಡು ವಾರ ಕುಂಟಿದೆ. ಗಾಯ ಮಾಗಿ ಎರಡು ತಿಂಗಳಾಗುವಷ್ಟರಲ್ಲಿ ಅದೇ ಜಾಗದಲ್ಲಿ ಅದೇ ಆಣಿ!

ಆಮೇಲೆ ಗೊತ್ತಾಯ್ತು, ಆಣಿಗೆ ಬೇರು ಅನ್ನೋದೇ ಇಲ್ಲ. ಒಂದೇ ಜಾಗ ದಿನಾ ಒತ್ತಿ, ಉಜ್ಜಿ ಹೋದರೆ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ದಪ್ಪವಾಗುತ್ತದೆ. ಅಗಲವಾಗಿ ದಪ್ಪವಾದರೆ ಜಡ್ಡು. ಹಿಮ್ಮಡಿಯಲ್ಲಿ, ಬೆರಳುಗಳ ಬುಡದ ಅಂಗಾಲಲ್ಲಿ ಇರುತ್ತದಲ್ಲ, ಅದು. ಮೂಳೆ ಉಬ್ಬಿರುವ ಕಡೆ ಒಂದೇ ಬಿಂದುವಿನ ಮೇಲೆ ಒತ್ತಡ ಬಿದ್ದರೆ ಅಲ್ಲಿ ಸತ್ತ ಚರ್ಮವೇ ಗಟ್ಟಿಯಾಗಿ ಒಳಮುಖವಾಗಿ ಚೂಪಾಗುತ್ತದೆ. ಅದು ಆಣಿ. ಹೆಸರಿಗೆ ತಕ್ಕಂತೆ ಮೊಳೆಯ ಹಾಗೇ ಚುಚ್ಚುತ್ತದೆ. ಒತ್ತುವುದು ನಿಲ್ಲದಿದ್ದರೆ ಎಷ್ಟು ಸಲ ಕೆತ್ತಿದರೂ ಅದು ಮತ್ತೆ ಬರಲೇಬೇಕು.

ನೋಯದ ಜಡ್ಡನ್ನು ಸುಮ್ನೆ ಬಿಟ್ಟುಬಿಡಿ. ಅದರ ಪಾಡಿಗೆ ಅದು ಕಾಲನ್ನು ಕಾಯುತ್ತಿರುತ್ತದೆ.

ಅಂಗಾಲಲ್ಲಿ ಗಟ್ಟಿಯಾಗಿ ಕೈಗೆ ಸಿಕ್ಕಿದ್ದೆಲ್ಲ ಆಣಿಯಲ್ಲ. ನರುಳ್ಳೆಯೂ ಹಾಗೇ ಕಾಣುತ್ತದೆ. ಅದು ವೈರಸ್‌ನಿಂದ ಬರುವುದು, ಇನ್ನೊಬ್ಬರಿಗೆ ಅಂಟುತ್ತದೆ. ಬೆಳಕಲ್ಲಿ ಹತ್ತಿರದಿಂದ ನೋಡಿ. ಚರ್ಮದ ಗೆರೆಗಳು ಆಣಿಯ ಮೇಲೂ ಮುಂದುವರಿದಿರುತ್ತವೆ. ನರುಳ್ಳೆಯ ಹತ್ತಿರ ಬಂದಾಗ ಅವು ತುಂಡಾಗುತ್ತವೆ, ಒಳಗೆ ಸಣ್ಣ ಕಪ್ಪು ಚುಕ್ಕೆಗಳೂ ಕಾಣಬಹುದು. ಆಣಿ ನೇರವಾಗಿ ಒತ್ತಿದರೆ ಜಾಸ್ತಿ ನೋಯುತ್ತದೆ, ನರುಳ್ಳೆ ಎರಡೂ ಪಕ್ಕದಿಂದ ಚಿವುಟಿದರೆ. ಯಾವುದೆಂದು ತಿಳಿಯದಿದ್ದರೆ ಡಾಕ್ಟರಿಗೆ ತೋರಿಸಿ.

ಇನ್ನು ಮನೆಯಲ್ಲಿ ಮಾಡುವುದು. ಸಕ್ಕರೆ ಕಾಯಿಲೆ ಇರುವವರು, ಕಾಲು ಜೋಮು ಹಿಡಿದಂತಿದ್ದು ಸ್ಪರ್ಶ ಸರಿಯಾಗಿ ತಿಳಿಯದವರು, ಕಾಲಿಗೆ ರಕ್ತ ಸರಿಯಾಗಿ ಹರಿಯದವರು ಇದನ್ನು ಓದಿ ಪ್ರಯೋಗ ಮಾಡಬೇಡಿ. ಅವರಿಗೆ ಸಣ್ಣ ಗೀರೂ ದೊಡ್ಡ ಹುಣ್ಣಾಗಬಹುದು. ನೇರ ಡಾಕ್ಟರ ಹತ್ತಿರ ಹೋಗಿ.

ಉಳಿದವರು ಉಗುರುಬೆಚ್ಚಗಿನ ನೀರಲ್ಲಿ 10 ನಿಮಿಷ ಕಾಲು ಇಟ್ಟುಕೊಂಡು ಕೂರಿ. ಗಂಟೆಗಟ್ಟಲೆ ನೆನೆಸುವುದು ಬೇಡ, ಚರ್ಮ ಒಣಗಿ ಬಿರುಕು ಬಿಡುತ್ತದೆ. ಆಮೇಲೆ ಕಾಲು ಉಜ್ಜುವ ಕಲ್ಲನ್ನು ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಬೆಳ್ಳಗೆ ಹುಡಿಯಂತೆ ಸತ್ತ ಚರ್ಮ ಬರುತ್ತದೆ. ಅಡಿಯಲ್ಲಿ ಗುಲಾಬಿ ಬಣ್ಣ ಕಾಣುವ ಮೊದಲೇ, ಉರಿ ಶುರುವಾಗುವ ಮೊದಲೇ ನಿಲ್ಲಿಸಬೇಕು. ಒಂದೇ ದಿನಕ್ಕೆ ಎಲ್ಲ ತೆಗೆಯುವ ಹಟ ಬೇಡ. ಒರೆಸಿಕೊಂಡು ಕ್ರೀಮ್ ಹಚ್ಚಿ. ಯೂರಿಯಾ ಇರುವ ಕ್ರೀಮ್ ಆದರೆ ದಡ್ಡುಗಟ್ಟಿದ ಚರ್ಮ ಬೇಗ ಮೆತ್ತಗಾಗುತ್ತದೆ. ರಾತ್ರಿ ಹಚ್ಚಿ ಕಾಲುಚೀಲ ಹಾಕಿ ಮಲಗಿದರೆ ಹಾಸಿಗೆಗೂ ಮೆತ್ತುವುದಿಲ್ಲ. ಕಲ್ಲನ್ನು ತೊಳೆದು ಒಣಗಿಸಿಡಿ, ಒಬ್ಬರ ಕಲ್ಲು ಇನ್ನೊಬ್ಬರಿಗೆ ಬೇಡ.

ಅಂಗಡಿಯ ಕಾರ್ನ್ ಪ್ಲಾಸ್ಟರ್ ಬಗ್ಗೆ ಒಂದು ಮಾತು. ಅದರಲ್ಲಿರುವುದು ಸ್ಯಾಲಿಸಿಲಿಕ್ ಆಸಿಡ್, ಎಷ್ಟೋ ಪ್ಲಾಸ್ಟರ್‌ಗಳಲ್ಲಿ ಶೇ 40. ಅದಕ್ಕೆ ಸತ್ತ ಚರ್ಮ, ಒಳ್ಳೆ ಚರ್ಮ ಅನ್ನುವ ಭೇದ ತಿಳಿಯದು. ಎರಡನ್ನೂ ಸುಡುತ್ತದೆ. ಬಳಸುವುದೇ ಆದರೆ ಔಷಧಿ ಆಣಿಯ ಮೇಲಷ್ಟೇ ಕೂರಬೇಕು. ಸುತ್ತ ವ್ಯಾಸಲೀನ್ ಸವರಿಕೊಂಡರೆ ಒಳ್ಳೆಯದು, ಆದರೆ ಜಾಸ್ತಿ ಸವರಿದರೆ ಪ್ಲಾಸ್ಟರ್ ಜಾರುತ್ತದೆ. ಕೆಂಪಾದರೆ, ಊದಿದರೆ ತೆಗೆದು ಬಿಸಾಡಿ. ನನಗಂತೂ ನಡುವೆ ತೂತಿರುವ ಮೆತ್ತನೆ ಪ್ಯಾಡೇ ಇಷ್ಟ. ಆಣಿ ತೂತಿನೊಳಗೆ ಕೂರುತ್ತದೆ, ಭಾರ ಸುತ್ತಲಿನ ಪ್ಯಾಡಿನ ಮೇಲೆ ಬೀಳುತ್ತದೆ. ಹಾಕಿಕೊಂಡ ಕೂಡಲೇ ನಡೆಯುವುದು ಹಗುರ ಅನ್ನಿಸುತ್ತದೆ.

ಬೆರಳ ಸಂದಿಯ ಆಣಿ ಬೆವರಿಗೆ ನೆನೆದು ಬಿಳಿಯಾಗಿ ಮೆತ್ತಗಿರುತ್ತದೆ. ಅದಕ್ಕೆ ಕಲ್ಲೂ ಬೇಡ, ಆಸಿಡ್ಡೂ ಬೇಡ. ಸಂದಿ ಒಣಗಿಸಿ, ಬೆರಳುಗಳು ಒಂದಕ್ಕೊಂದು ಒತ್ತದಂತೆ ನಡುವೆ ಮೆತ್ತನೆಯದೇನಾದರೂ ಇಡಿ.

ಇಷ್ಟೆಲ್ಲ ಮಾಡಿಯೂ ಆಣಿ ಮತ್ತೆ ಬಂದರೆ ಒಂದು ಬಿಳಿ ಹಾಳೆ ತನ್ನಿ. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ, ಅದರ ಮೇಲೆ ಪೂರ್ತಿ ಭಾರ ಹಾಕಿ ನಿಂತು ಪಾದದ ಸುತ್ತ ಪೆನ್ಸಿಲ್ಲಿಂದ ಗೆರೆ ಎಳೆಸಿಕೊಳ್ಳಿ. ಎರಡೂ ಕಾಲಿಗೆ ಎಳೆಸಿಕೊಳ್ಳಬೇಕು, ಸಾಮಾನ್ಯವಾಗಿ ಒಂದು ಪಾದ ತುಸು ದೊಡ್ಡದಿರುತ್ತದೆ. ಈಗ ದಿನಾ ಹಾಕುವ ಶೂವನ್ನು ಆ ಗೆರೆಯ ಮೇಲಿಡಿ. ನಾನು ಇಟ್ಟು ನೋಡಿದಾಗ ಬಲಗಾಲಿನ ಕಿರುಬೆರಳು ಪೂರ್ತಿ ಶೂವಿನ ಆಚೆ ಇತ್ತು! ವರ್ಷಗಟ್ಟಲೆ ಆ ಬೆರಳನ್ನು ಮಡಿಸಿ ಒಳಗೆ ತುರುಕಿದ್ದೆ. ಬ್ಲೇಡು ಏನು ಮಾಡೀತು, ಅಲ್ವಾ? ಮುಂದೆ ಅಗಲವಿರುವ, ಉದ್ದನೆ ಬೆರಳಿನ ಮುಂದೆ ಒಂದು ಹೆಬ್ಬೆರಳ ಅಗಲ ಜಾಗ ಉಳಿಯುವ ಜೋಡಿ ಕೊಂಡೆ. ಮೊದಲ ವಾರ ಸಡಿಲ ಅನ್ನಿಸಿತು. ಎರಡನೇ ತಿಂಗಳಲ್ಲಿ ಕಿರುಬೆರಳನ್ನು ಮುಟ್ಟಿ ನೋಡಿಕೊಂಡರೆ ಆಣಿ ಇದ್ದ ಜಾಗವೇ ಕೈಗೆ ಸಿಗಲಿಲ್ಲ.