ಮಾಳಿಗೆ ಸಿನಿಮಾಕ್ಕೆ ಮಂತ್ರ-ಖಡ್ಗದ ಚಿತ್ರ ಆರಿಸುವುದು ಹೇಗೆ?

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ರಾತ್ರಿ ಎಂಟಾದರೂ ಗೋಡೆ ಮುಟ್ಟಿದರೆ ಬಿಸಿ. ಮನೆಯೊಳಗೆ ಕೂರೋಕೆ ಆಗಲ್ಲ. ಅದಕ್ಕೇ ಮೂರು ವರ್ಷದಿಂದ ನಮ್ಮ ಮಾಳಿಗೆ ಮೇಲೆ ಶನಿವಾರ ಸಿನಿಮಾ ಹಾಕುತ್ತಿದ್ದೇನೆ. ಹಗಲು ನನ್ನದು ಝೆರಾಕ್ಸ್ ಅಂಗಡಿ. ಪ್ರೊಜೆಕ್ಟರ್ ಹಳೆಯದು, ಅಗ್ಗಕ್ಕೆ ಸಿಕ್ಕಿದ್ದು. ಪರದೆ ಅಂದರೆ ಹೆಂಡತಿಯ ಬಿಳಿ ಚಾದರ. ಅಣ್ಣನ ಮಕ್ಕಳು, ತಂಗಿಯ ಮಕ್ಕಳು, ಓಣಿಯ ಹುಡುಗರು ಎಲ್ಲ ಸೇರಿ ಹದಿನೈದು ಇಪ್ಪತ್ತು ಮಂದಿ ಬರುತ್ತಾರೆ. ಎಲ್ಲರಿಗೂ ಡ್ರ್ಯಾಗನ್ ಬೇಕು, ಖಡ್ಗ ಬೇಕು, ಮಂತ್ರ ಬೇಕು.

ಸುಮ್ನೆ ಯಾವುದೋ ಒಂದು ಹಾಕಿದರಾಯ್ತು ಅಂದುಕೊಂಡಿದ್ದೆ. ಮೊದಲ ಬೇಸಿಗೆಯಲ್ಲಿ ಟ್ರೇಲರ್ ನೋಡಿ ಮರುಳಾಗಿ ಒಂದು ಚಿತ್ರ ಹಾಕಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಚಾಪೆ ಮೇಲೆ ಮೂರೇ ಜನ. ಅದರಲ್ಲೊಬ್ಬನಿಗೆ ನಿದ್ದೆ. ಉಳಿದವರು ನೀರಿನ ಟ್ಯಾಂಕಿನ ಹಿಂದೆ ಕಳ್ಳ-ಪೊಲೀಸ್ ಆಡುತ್ತಿದ್ದರು.

ಒಳ್ಳೆಯದು ಯಾವುದು ಅಂತ ಕಲಿಸಿದ್ದು ಕರೆಂಟು. ಅವತ್ತು ‘ಲಾರ್ಡ್ ಆಫ್ ದಿ ರಿಂಗ್ಸ್’ ಮೊದಲ ಭಾಗ, 2001ರದ್ದು, ಹಾಕಿದ್ದೆ. ಬೆಟ್ಟದ ಮೇಲಿನ ಹಾಳು ಗೋಡೆಗಳ ನಡುವೆ ಕರಿ ಮುಸುಕಿನವರು ನಾಯಕ ಫ್ರೋಡೋನನ್ನು ಸುತ್ತುವರಿದಿದ್ದಾರೆ. ಅವನು ಉಂಗುರ ಹಾಕಿಕೊಂಡ. ಅಷ್ಟರಲ್ಲಿ ಕರೆಂಟ್ ಹೋಯಿತು. ಕತ್ತಲಲ್ಲೇ ಜಗಳ ಶುರು.

“ಉಂಗರ ಹಾಕ್ಕೊಂಡ್ರ ಯಾರಿಗೂ ಕಾಣಂಗಿಲ್ಲಲ್ಲ, ಪಾರಾಗ್ತಾನ.”

“ಏ ಹುಚ್ಚಾ, ಹಾಕ್ಕೊಂಡ್ರನ ಆ ಕರಿ ಮಂದಿಗಿ ಕಾಣಸ್ತಾನ!”

ಇಪ್ಪತ್ತು ನಿಮಿಷ ಯಾರೂ ಕೆಳಗಿಳಿಯಲಿಲ್ಲ. ಮಾಯೆಗೆ ಒಂದು ಕಟ್ಟಳೆ ಇತ್ತು, ಅದು ಮಕ್ಕಳಿಗೆ ಗೊತ್ತಿತ್ತು. ಉಂಗುರ ಸಾಮಾನ್ಯರ ಕಣ್ಣಿಂದ ಮರೆಮಾಡುತ್ತದೆ, ವೈರಿಯ ಕಣ್ಣಿಗೆ ಹಿಡಿದು ಕೊಡುತ್ತದೆ. ಹಾಗಾಗಿ ಮುಂದೇನು ಅಂತ ಜಗಳ ಆಡೋಕೆ ಅವರಿಗೆ ಬಂಡವಾಳ ಇತ್ತು. ಟ್ಯಾಂಕಿನ ಹಿಂದೆ ಓಡಿಸಿದ ಚಿತ್ರದಲ್ಲಿ ನಾಯಕ ಸಿಕ್ಕಿಬಿದ್ದಾಗೆಲ್ಲ ಕೈಯಿಂದ ಹೊಸದೊಂದು ಬೆಳಕು ಬರುತ್ತಿತ್ತು. ಯಾವಾಗ ಬೇಕಾದರೂ ಬೆಳಕು ಬರುವುದಾದರೆ ಹೆದರಿಕೆ ಎಲ್ಲಿಂದ ಬರಬೇಕು?

ಹಾಗಾಗಿ ಮೊದಲ ಕೆಲಸ ಇದು. ಮಧ್ಯಾಹ್ನ ನೀವೊಬ್ಬರೇ ಮೊದಲ ಮುಕ್ಕಾಲು ಗಂಟೆ ನೋಡಿ. ಆಮೇಲೆ ಆ ಲೋಕದ ಕಟ್ಟಳೆಯನ್ನು ಒಂದೇ ಮಾತಿನಲ್ಲಿ ಹೇಳಿ ನೋಡಿ. ಬಂದರೆ ಇಟ್ಟುಕೊಳ್ಳಿ. ತೊದಲಿದರೆ ಬಿಡಿ. ದೊಡ್ಡವರಿಗೆ ಮಾತ್ರ ಅಂದರೆ 2018ರ ಹಿಂದಿ ಚಿತ್ರ ‘ತುಂಬಾಡ್’ ಇದೆ. ರಾಕ್ಷಸ ಹಿಟ್ಟಿನ ಗೊಂಬೆ ತಿಂದು ಮುಗಿಸುವಷ್ಟರಲ್ಲಿ ಅವನ ನಾಣ್ಯ ಕಿತ್ತುಕೊಂಡು ಹೊರಗೆ ಬರಬೇಕು, ಅಷ್ಟೇ ಕಟ್ಟಳೆ. ಆಸೆ ಜಾಸ್ತಿಯಾದರೆ ಕೆಟ್ಟ. ಮಕ್ಕಳು ಮಲಗಿದ ಮೇಲೆ ಹಾಕಿ. ನನ್ನ ಹೆಂಡತಿ ಮರುದಿನ ರೊಟ್ಟಿ ಹಿಟ್ಟು ನಾದುವಾಗಲೂ ಬೈದಳು.

ಕಥೆ ಮುಗಿಯುತ್ತದೋ ಇಲ್ಲವೋ, ಅದನ್ನೂ ನೋಡಿಕೊಳ್ಳಿ. ನಾನು ಇದರಲ್ಲಿ ಸರಿಯಾಗಿ ಸಿಕ್ಕಿಬಿದ್ದಿದ್ದೇನೆ. ‘ಗೋಲ್ಡನ್ ಕಂಪಾಸ್’ 2007ರದ್ದು. ಮಾತಾಡುವ ಬಿಳಿ ಕರಡಿ ಇದೆ, ಹುಡುಗರು ಕಣ್ಣು ಮಿಟುಕಿಸದೆ ನೋಡಿದರು. ಆದರೆ ಪುಸ್ತಕದ ಕೊನೆಯ ಭಾಗವನ್ನು ಮುಂದಿನ ಚಿತ್ರಕ್ಕೆ ಅಂತ ಎತ್ತಿಟ್ಟಿದ್ದರು. ಆ ಮುಂದಿನ ಚಿತ್ರ ಬರಲೇ ಇಲ್ಲ. “ಕಾಕಾ, ಮುಂದಿಂದು ಯಾವಾಗ ಹಾಕ್ತೀ?” ಅಂತ ಒಬ್ಬ ಹುಡುಗಿ ಒಂದು ತಿಂಗಳು ಅಂಗಡಿಗೆ ಬಂದು ಕೇಳಿದಳು. ಡ್ರ್ಯಾಗನ್ ಹುಡುಗನ ‘ಎರಗಾನ್’ 2006ರಲ್ಲಿ ಬಂತು, ಅದಕ್ಕೂ ಎರಡನೆಯದಿಲ್ಲ. ‘ಹ್ಯಾರಿ ಪಾಟರ್’ ಬೇರೆ. 2001ರಿಂದ 2011ರವರೆಗೆ ಎಂಟು ಚಿತ್ರ, ಕೊನೆಯ ಎರಡು ಬಿಟ್ಟರೆ ಪ್ರತಿಯೊಂದೂ ಒಂದು ವರ್ಷದ ಕಥೆ ಮುಗಿಸುತ್ತದೆ. ಎಂಟು ಶನಿವಾರಕ್ಕೆ ಬೇಸಿಗೆ ರಜೆ ಹೆಚ್ಚುಕಡಿಮೆ ಮುಗಿದ ಹಾಗೆ. ಹೋಗ್ತಾ ಹೋಗ್ತಾ ಕತ್ತಲೆ ಜಾಸ್ತಿ, ಸಣ್ಣ ಮಕ್ಕಳನ್ನು ಐದನೇ ಚಿತ್ರದಿಂದ ಮುಂದೆ ಕೆಳಗೆ ಮಲಗಿಸಿ.

ಕಲೆಕ್ಷನ್ ನಂಬಬೇಡಿ. ‘ಹಾಬಿಟ್’ ದುಡ್ಡು ಮಾಡಿತು, ನಿಜ. ಆದರೆ ಒಂದೇ ಪುಸ್ತಕವನ್ನು 2012ರಿಂದ 2014ರವರೆಗೆ ಮೂರು ಚಿತ್ರ ಮಾಡಿದರು. ಒಂದು ಉಂಡೆ ಹಿಟ್ಟಿನಲ್ಲಿ ಮೂರು ರೊಟ್ಟಿ ಬಡಿದರೆ ನಡುವೆ ಹರಿಯುತ್ತದೆ ಅಲ್ವಾ? ಎರಡನೆಯದಕ್ಕೇ ಚಾಪೆ ಅರ್ಧ ಖಾಲಿ. 2023ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಥಿಯೇಟರ್‌ನಲ್ಲಿ ಅಂದುಕೊಂಡಷ್ಟು ಗಳಿಸಲಿಲ್ಲ. ನಮ್ಮ ಮಾಳಿಗೆಯಲ್ಲಿ ಎರಡು ಸಲ ಓಡಿದೆ. ಅದರಲ್ಲಿ ಕಳ್ಳರು ಹಾಕಿದ ಪ್ಲಾನ್ ಪ್ರತಿ ಸಲ ಕೆಡುತ್ತದೆ. ಹುಡುಗರಿಗೆ ಅದೇ ಖುಷಿ.

ಇನ್ನು ಗ್ರಾಫಿಕ್ಸ್. ಇದಕ್ಕೆ ಒಂದು ಉಪಾಯ ಇದೆ, ಸ್ವಲ್ಪ ಖರ್ಚು. ಸಿನಿಮಾ ಸೀಸನ್ ಶುರು ಮಾಡುವ ಮೊದಲು ಮಕ್ಕಳನ್ನು ಬೀದರ್ ಕೋಟೆಗೆ ಕರೆದುಕೊಂಡು ಹೋಗಿ. ಬೆಳಿಗ್ಗೆಯೇ ಹೋಗಿ, ಬಿಸಿಲೇರಿದರೆ ಕಲ್ಲು ಮುಟ್ಟೋಕಾಗಲ್ಲ. ಬಂಡೆ ಕೊರೆದು ಮಾಡಿದ ಕಂದಕ ಇಣುಕಿ ನೋಡಲಿ, ಬಾಗಿಲಲ್ಲಿ ಕೂಗಿ ದನಿ ಕೇಳಲಿ. ನಾವು ಹೋಗಿಬಂದ ವಾರವೇ ಒಂದು ಚಿತ್ರದಲ್ಲಿ ದೊಡ್ಡ ಕೋಟೆ ಬಂತು. ಒಂಬತ್ತು ವರ್ಷದ ನಮ್ಮ ಅಣ್ಣನ ಮಗ ಎದ್ದು ಚಾದರದ ಹತ್ತಿರ ಹೋಗಿ ಬೆರಳಿಟ್ಟ. “ಕಾಕಾ, ಈ ಗ್ವಾಡಿ ಸುಳ್ಳ ಅದ. ಮಂದಿ ನೆರಳ ಬಿದ್ದಿಲ್ಲ ನೋಡು.” ಹೌದು, ಬಿದ್ದಿರಲಿಲ್ಲ! ನಿರ್ದೇಶಕ ಪೀಟರ್ ಜಾಕ್ಸನ್ ‘ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಕೋಟೆ-ನಗರಗಳ ದೊಡ್ಡ ದೊಡ್ಡ ಮಾದರಿ ಕಟ್ಟಿಸಿ ಕ್ಯಾಮೆರಾ ಇಟ್ಟಿದ್ದ. ಬೆಟ್ಟಗಳು ನ್ಯೂಜಿಲೆಂಡಿನ ನಿಜವಾದ ಬೆಟ್ಟಗಳು. ಅಲ್ಲಿ ಅಣ್ಣನ ಮಗನಿಗೆ ಬೆರಳಿಡೋಕೆ ಜಾಗ ಸಿಗಲಿಲ್ಲ. ಹಾಗಂತ ಕಂಪ್ಯೂಟರ್ ಬೇಡ ಅಂತಲ್ಲ. 2009ರ ‘ಅವತಾರ್’ ಕಾಡು ಹೆಚ್ಚುಕಡಿಮೆ ಪೂರ್ತಿ ಕಂಪ್ಯೂಟರಿನದೇ, ಆದರೆ ಕಾಲಿಟ್ಟಲ್ಲಿ ನೆಲ ಹೊಳೆಯುತ್ತದೆ. ಮುಟ್ಟಿದ್ದಕ್ಕೆ ಆ ಲೋಕ ಉತ್ತರ ಕೊಡಬೇಕು, ಮಕ್ಕಳು ಕೇಳುವುದು ಅಷ್ಟೇ.

ಭಾಷೆ: ನಮ್ಮ ಓಣಿಯಲ್ಲಿ ಹಿಂದಿ ಎಲ್ಲ ಹುಡುಗರಿಗೂ ಬರುತ್ತದೆ, ಅವ್ವನಿಗೆ ಬರಲ್ಲ. 2022ರ ಎರಡನೇ ‘ಅವತಾರ್’ ಕನ್ನಡದಲ್ಲೂ ಬಿಡುಗಡೆಯಾಗಿತ್ತು. ಇಂಥದ್ದು ಸಿಕ್ಕರೆ ಬಿಡಬೇಡಿ. ಸಂಜೆ ಮಾಳಿಗೆಗೆ ನಾಲ್ಕು ಬಕೆಟ್ ನೀರು ಹೊಡೆಯಿರಿ. ಹುರಿದ ಶೇಂಗಾ ಸಾಕು.

ನಿಮ್ಮಲ್ಲಿ ಕರೆಂಟ್ ಹೋಗುವುದಿಲ್ಲ ಅಂದರೆ, ಕಥೆ ಬಿಗಿಯಾದಾಗ ನೀವೇ ನಿಲ್ಲಿಸಿ “ಕರೆಂಟ್ ಹೋಯ್ತು” ಅನ್ನಿ. ಪ್ಲಗ್ ಕೀಳಬೇಡಿ, ಪ್ರೊಜೆಕ್ಟರ್ ಬಲ್ಬ್ ಸುಡಬಹುದು. ನಂದು ಒಂದು ಹಾಗೇ ಹೋಯಿತು. ಇನ್ವರ್ಟರ್ ತಗೋರಿ ಅಂತ ಹೆಂಡತಿ ಎರಡು ವರ್ಷದಿಂದ ಹೇಳುತ್ತಿದ್ದಾಳೆ. ರೇಟ್ ಇಳಿಯಲಿ ಅಂತ ಸುಳ್ಳು ಹೇಳಿ ನಾನೇ ಮುಂದೂಡುತ್ತಿದ್ದೇನೆ.