ಸರ್ಕಾರಿ ಟೆಂಡರ್‌ನಲ್ಲಿ ಎಸ್‌ಸಿ, ಎಸ್‌ಟಿ ಸಣ್ಣ ಉದ್ದಿಮೆಗಳಿಗೆ ಇರುವ ಪಾಲು: ದಕ್ಕಿಸಿಕೊಳ್ಳುವುದು ಹೇಗೆ

ಎಚ್‌ಎಎಲ್, ಬಿಇಎಲ್, ಬೆಮೆಲ್, ಹುಬ್ಬಳ್ಳಿಯ ನೈಋತ್ಯ ರೈಲ್ವೆ, ಮಂಗಳೂರಿನ ಎಂಆರ್‌ಪಿಎಲ್, ಕೈಗಾ ಅಣು ವಿದ್ಯುತ್ ಸ್ಥಾವರ. ಇವೆಲ್ಲ ನಟ್ಟು ಬೋಲ್ಟಿನಿಂದ ಹಿಡಿದು ಯೂನಿಫಾರ್ಮು, ಪ್ರಿಂಟಿಂಗು, ಹೌಸ್‌ಕೀಪಿಂಗ್ ತನಕ ವರ್ಷವಿಡೀ ಏನಾದರೂ ಕೊಳ್ಳುತ್ತಲೇ ಇರುತ್ತವೆ. ಹೀಗೆ ಕೊಳ್ಳುವುದರಲ್ಲಿ ಶೇ. 25ರಷ್ಟನ್ನಾದರೂ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು ಅನ್ನುವುದು ನಿಯಮ. ಕೇಂದ್ರ ಸರ್ಕಾರದ 2012ರ ಸಾರ್ವಜನಿಕ ಖರೀದಿ ನೀತಿಯ ಆದೇಶದಲ್ಲಿ ಇದು ಶೇ. 20 ಇತ್ತು, 2018ರಲ್ಲಿ 25 ಮಾಡಿದರು. ಆ 25ರ ಒಳಗೇ ಶೇ. 4 ಎಸ್‌ಸಿ, ಎಸ್‌ಟಿ ಮಾಲೀಕರ ಉದ್ದಿಮೆಗಳಿಗೆ, ಶೇ. 3 ಮಹಿಳೆಯರ ಉದ್ದಿಮೆಗಳಿಗೆ.

ಈ ಶೇ. 4ರ ಗುರಿ ತುಂಬಿದ್ದಕ್ಕಿಂತ ತುಂಬದೆ ಉಳಿದದ್ದೇ ಜಾಸ್ತಿ. ಎಸ್‌ಸಿ, ಎಸ್‌ಟಿ ಉದ್ದಿಮೆಗಳು ಟೆಂಡರ್‌ಗೆ ಬರದಿದ್ದರೆ ಅಥವಾ ಷರತ್ತು ಪೂರೈಸದಿದ್ದರೆ ಆ ಪಾಲನ್ನು ಬೇರೆ ಸಣ್ಣ ಉದ್ದಿಮೆಗಳಿಂದ ತುಂಬಿಕೊಳ್ಳಬಹುದು ಎಂದು ಆದೇಶದಲ್ಲೇ ಇದೆ. ಅಂದರೆ ನೀವು ಹೋಗದಿದ್ದರೆ ಯಾರೂ ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ.

ಮೊದಲ ಕೆಲಸ ಉದ್ಯಮ್ ನೋಂದಣಿ, ಅಂದರೆ ನಿಮ್ಮದು ಸಣ್ಣ ಉದ್ದಿಮೆ ಎಂದು ಸರ್ಕಾರದಲ್ಲಿ ದಾಖಲಿಸುವುದು. ಸರ್ಕಾರಿ ಪೋರ್ಟಲ್‌ನಲ್ಲಿ ಇದು ಪೂರ್ತಿ ಉಚಿತ. ಆಧಾರ್, ಪ್ಯಾನ್, ಬೇಕಾದವರಿಗೆ ಜಿಎಸ್‌ಟಿ ನಂಬರ್, ಅಷ್ಟೇ. ಗೂಗಲ್ ಮಾಡಿದರೆ ಮೊದಲು ಕಾಣುವುದು ಸರ್ಕಾರಿ ಸೈಟಿನ ಹಾಗೇ ಇರುವ ಖಾಸಗಿ ಸೈಟುಗಳು, ಸುಮ್ನೆ ಸಾವಿರಾರು ರೂಪಾಯಿ ಕೀಳುತ್ತವೆ, ನೋಡಿಕೊಂಡು ಹೋಗಿ. 2025ರ ಏಪ್ರಿಲ್‌ನಿಂದ ಮಿತಿಗಳು ದೊಡ್ಡದಾಗಿವೆ: ಸೂಕ್ಷ್ಮ ಅಂದರೆ ಯಂತ್ರೋಪಕರಣದ ಮೇಲಿನ ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿ ತನಕ; ಸಣ್ಣದು ಅಂದರೆ ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿ ತನಕ. ಮಧ್ಯಮ ಉದ್ದಿಮೆಗೂ ಉದ್ಯಮ್ ಸರ್ಟಿಫಿಕೇಟ್ ಸಿಗುತ್ತದೆ, ಆದರೆ ಈ ಖರೀದಿ ನೀತಿಯ ಲಾಭ ಅವರಿಗಿಲ್ಲ.

ಈ ಫಾರ್ಮ್ ತುಂಬುವಾಗ ಎರಡು ಕಡೆ ಕಣ್ಣಿಡಿ. ಒಂದು, ಸಾಮಾಜಿಕ ವರ್ಗದ ಕಾಲಂ. ಸೈಬರ್ ಸೆಂಟರ್‌ನವರು ಅವಸರದಲ್ಲಿ 'ಜನರಲ್' ಒತ್ತಿಬಿಟ್ಟರೆ ನಿಮ್ಮ ಸರ್ಟಿಫಿಕೇಟಿನಲ್ಲಿ ಅದೇ ಬರುತ್ತದೆ. ಎರಡು, ನಿಮ್ಮ ಚಟುವಟಿಕೆ ಯಾವುದು ಅನ್ನುವುದು. ತಯಾರಿಕೆ, ಸೇವೆ, ವ್ಯಾಪಾರ ಎಂದು ಮೂರು ಬಗೆ ಇವೆ. ವ್ಯಾಪಾರಿಗಳಿಗೂ ಉದ್ಯಮ್ ಕೊಡುತ್ತಾರೆ, ಆದರೆ ಅದು ಬ್ಯಾಂಕ್ ಸಾಲದ ಅನುಕೂಲಕ್ಕೆ ಮಾತ್ರ. ಖರೀದಿ ನೀತಿ ಇರುವುದು ಸ್ವತಃ ತಯಾರಿಸುವವರಿಗೆ, ಸ್ವತಃ ಸೇವೆ ಕೊಡುವವರಿಗೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಕಂಪ್ಯೂಟರ್ ತಂದು ಇಲಾಖೆಗೆ ಮಾರುತ್ತೇನೆ ಅಂದರೆ ಈ ಲಾಭ ಸಿಗುವುದಿಲ್ಲ. ಹೊಲಿಗೆ ಘಟಕ ಇಟ್ಟು ಯೂನಿಫಾರ್ಮ್ ಹೊಲಿದು ಕೊಡುತ್ತೇನೆ ಅಂದರೆ ಸಿಗುತ್ತದೆ. ಹಾಗೆಯೇ ರಸ್ತೆ, ಕಟ್ಟಡದಂಥ ಕಾಮಗಾರಿಗಳು ಇದರೊಳಗೆ ಬರುವುದಿಲ್ಲ. ಅದರ ದಾರಿ ಬೇರೆ, ಕೆಳಗೆ ಹೇಳುತ್ತೇನೆ.

ಎಸ್‌ಸಿ, ಎಸ್‌ಟಿ ಉದ್ದಿಮೆ ಅಂದರೆ ಯಾವುದು? ಒಬ್ಬರದೇ ಆದರೆ ಮಾಲೀಕರು ಆ ವರ್ಗದವರಾಗಿರಬೇಕು. ಪಾಲುದಾರಿಕೆಯಲ್ಲೂ ಪ್ರೈವೇಟ್ ಲಿಮಿಟೆಡ್‌ನಲ್ಲೂ ಶೇ. 51 ಅಥವಾ ಹೆಚ್ಚು ಪಾಲು ಅವರದಾಗಿರಬೇಕು. ಜಾತಿ ಪ್ರಮಾಣಪತ್ರ ಹಳೇ ಕೈಬರಹದ್ದಾಗಿದ್ದರೆ ನಾಡಕಚೇರಿಗೆ ಹೋಗಿ ಆರ್‌ಡಿ ನಂಬರ್ ಇರುವ ಹೊಸದನ್ನು ಮಾಡಿಸಿಕೊಂಡುಬಿಡಿ. ಪ್ಯಾನ್‌ನಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಜಾತಿ ಪತ್ರದಲ್ಲಿ ತಂದೆ ಹೆಸರು ಪೂರ್ತಿ, ಹೀಗೆ ಮೂರು ಥರ ಇರುವ ಹೆಸರನ್ನು ಟೆಂಡರ್‌ಗೆ ಮೊದಲೇ ಒಂದು ಮಾಡಿಸಿ. ಬಿಡ್ ತೆರೆದ ಮೇಲೆ ಓಡಾಡಿದರೆ ಪ್ರಯೋಜನ ಇಲ್ಲ.

ಆಮೇಲೆ ಜೆಮ್ ಪೋರ್ಟಲ್. 2016ರಲ್ಲಿ ಶುರುವಾದ ಇದು ಸರ್ಕಾರದ ಆನ್‌ಲೈನ್ ಸಂತೆ, ಕೇಂದ್ರದ ಖರೀದಿ ಬಹುಪಾಲು ಇಲ್ಲೇ ನಡೆಯುತ್ತದೆ. ಸೆಲ್ಲರ್ ಆಗಿ ನೋಂದಾಯಿಸಿ, ಉದ್ಯಮ್ ನಂಬರ್ ಜೋಡಿಸಿ. ರೈಲ್ವೆಯ ಬಿಡಿಭಾಗಗಳಿಗೆ ಐಆರ್‌ಇಪಿಎಸ್ ಎಂಬ ಬೇರೆ ಪೋರ್ಟಲ್ ಕೂಡ ಇದೆ.

ಬಿಡ್ ಡಾಕ್ಯುಮೆಂಟ್ ಕೈಗೆ ಬಂದಾಗ ಎಲ್ಲ ಪುಟ ಓದುವ ಮೊದಲು ಮೂರು ಸಾಲು ಹುಡುಕಿ. ಎಂಎಸ್‌ಇ (ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆ) ಖರೀದಿ ಆದ್ಯತೆ 'ಯೆಸ್' ಇದೆಯಾ? ವಹಿವಾಟು ಮತ್ತು ಅನುಭವದಿಂದ ಎಂಎಸ್‌ಇಗೆ ವಿನಾಯಿತಿ 'ಯೆಸ್' ಇದೆಯಾ? ಇಎಂಡಿ, ಅಂದರೆ ಬಿಡ್ ಜೊತೆ ಕಟ್ಟುವ ಠೇವಣಿ, ಎಷ್ಟು? ಇಎಂಡಿ ಮತ್ತು ಟೆಂಡರ್ ಫಾರ್ಮಿನ ಶುಲ್ಕ ನಿಮಗೆ ಮಾಫಿ, ಸಂಬಂಧಪಟ್ಟ ಸರ್ಟಿಫಿಕೇಟ್ ಅಪ್‌ಲೋಡ್ ಮಾಡಬೇಕು ಅಷ್ಟೇ. ಆದರೆ ಅನುಭವದ ವಿನಾಯಿತಿ ನಿಮ್ಮ ಹಕ್ಕಲ್ಲ, ಕೊಳ್ಳುವವರು ಕೊಟ್ಟರೆ ಉಂಟು. ಅಲ್ಲಿ 'ನೋ' ಇದ್ದು, ಮೂರು ವರ್ಷದ ಅನುಭವ ಕೇಳಿ, ನಿಮ್ಮ ಘಟಕಕ್ಕೆ ವರ್ಷವೂ ತುಂಬಿಲ್ಲ ಅಂದರೆ ಆ ಬಿಡ್ ಬಿಟ್ಟು ಮುಂದಿನದಕ್ಕೆ ಹೋಗಿ. ಮತ್ತೆ, ಇಎಂಡಿ ಮಾಫಿ ಅಂದರೆ ಆರ್ಡರ್ ಸಿಕ್ಕ ಮೇಲೆ ಕಟ್ಟುವ ಪರ್ಫಾರ್ಮೆನ್ಸ್ ಸೆಕ್ಯುರಿಟಿಯೂ ಮಾಫಿ ಎಂದುಕೊಳ್ಳಬೇಡಿ. ಅದಕ್ಕೆ ದುಡ್ಡೋ ಬ್ಯಾಂಕ್ ಗ್ಯಾರಂಟಿಯೋ ಹೊಂದಿಸಿಕೊಳ್ಳಬೇಕು.

ಈಗ ಎಲ್ಲರೂ ತಪ್ಪು ತಿಳಿಯುವ ವಿಷಯ. "ನಮಗೆ 15 ಪರ್ಸೆಂಟ್ ಜಾಸ್ತಿ ರೇಟು ಕೊಡ್ತಾರಂತೆ" ಎಂದು ಹೇಳುವವರು ತುಂಬಾ ಜನ. ಖಂಡಿತ ಇಲ್ಲ. ಒಂದು ದೊಡ್ಡ ಕಂಪನಿ 100 ರೂಪಾಯಿಗೆ ಕೋಟ್ ಮಾಡಿ ಎಲ್-ಒನ್, ಅಂದರೆ ಎಲ್ಲರಿಗಿಂತ ಕಡಿಮೆ ಬೆಲೆಯವರು, ಆಗಿದೆ ಎಂದಿಟ್ಟುಕೊಳ್ಳಿ. ನೀವು 114 ಹಾಕಿದ್ದೀರಿ. ಅವರ ಬೆಲೆಗಿಂತ ಶೇ. 15ರ ತನಕ ಹೆಚ್ಚು, ಅಂದರೆ 115ರ ಒಳಗೆ ಇರುವುದರಿಂದ ನಿಮ್ಮನ್ನು ಕರೆದು, 100ಕ್ಕೇ ಕೊಡುತ್ತೀರಾ ಎಂದು ಕೇಳುತ್ತಾರೆ. ಒಪ್ಪಿದರೆ ಟೆಂಡರ್ ಮೊತ್ತದ ಕನಿಷ್ಠ ಶೇ. 25ರಷ್ಟು ಆರ್ಡರ್ ನಿಮಗೆ. ಒಪ್ಪುವ ಸಣ್ಣವರು ಇಬ್ಬರು ಮೂವರಿದ್ದರೆ ಅದನ್ನೇ ಹಂಚುತ್ತಾರೆ. ಎಲ್-ಒನ್ ಆದವರೇ ಸಣ್ಣ ಉದ್ದಿಮೆಯಾಗಿದ್ದರೆ ಈ ಅವಕಾಶವೇ ಇಲ್ಲ. ಹಾಗಾಗಿ ನಿಯಮ ಕೊಡುವುದು ಜಾಸ್ತಿ ಬೆಲೆಯನ್ನಲ್ಲ, ಇಳಿಯಲು ಇನ್ನೊಂದು ಅವಕಾಶವನ್ನು. ಕೋಟ್ ಹಾಕುವ ಮೊದಲೇ ನಿಮ್ಮ ತಳಮಟ್ಟ ಎಷ್ಟು ಎಂದು ಬರೆದಿಟ್ಟುಕೊಳ್ಳಿ: ಕಚ್ಚಾ ಮಾಲು, ಕೂಲಿ, ಕರೆಂಟು, ಲಾರಿ ಬಾಡಿಗೆ, ಇನ್‌ಸ್ಪೆಕ್ಷನ್‌ನಲ್ಲಿ ವಾಪಸ್ ಬರುವ ಪೀಸುಗಳು, ದುಡ್ಡು ಬರುವ ತನಕದ ಬಡ್ಡಿ. ಆ ಲೆಕ್ಕ 97 ಬಂದರೆ ಒಪ್ಪಿ. 103 ಬಂದರೆ ಕೈಮುಗಿದು ಬನ್ನಿ. ಹೆಸರು ಬರಲಿ ಎಂದು ನಷ್ಟಕ್ಕೆ ತೆಗೆದುಕೊಂಡ ಮೊದಲ ಆರ್ಡರ್ ಸಣ್ಣ ಘಟಕವನ್ನು ಮುಳುಗಿಸಿಬಿಡಬಹುದು.

ಟೆಂಡರ್ ಬಂದ ಮೇಲೆ ತಯಾರಾಗುವುದಕ್ಕಿಂತ ಮೊದಲೇ ಸುಳಿವು ಹಿಡಿಯುವುದು ಒಳ್ಳೆಯದು. ಇಲಾಖೆಗಳೂ ಸಾರ್ವಜನಿಕ ಉದ್ದಿಮೆಗಳೂ ವಾರ್ಷಿಕ ಖರೀದಿ ಯೋಜನೆಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು ಎಂದು ಇದೇ ನೀತಿ ಹೇಳುತ್ತದೆ. ಅದನ್ನು ಇಳಿಸಿಕೊಂಡು ಓದಿ. ಎನ್‌ಎಸ್‌ಐಸಿ (ರಾಷ್ಟ್ರೀಯ ಸಣ್ಣ ಕೈಗಾರಿಕೆಗಳ ನಿಗಮ) ನಡೆಸುವ ರಾಷ್ಟ್ರೀಯ ಎಸ್‌ಸಿ-ಎಸ್‌ಟಿ ಹಬ್ ಎಂಬುದು 2016ರಿಂದ ಇದೆ. ಕೊಳ್ಳುವವರೂ ಮಾರುವವರೂ ಸೇರುವ ವೆಂಡರ್ ಡೆವಲಪ್‌ಮೆಂಟ್ ಕಾರ್ಯಕ್ರಮ, ತರಬೇತಿ, ಯಂತ್ರ ಕೊಳ್ಳಲು ಶೇ. 25ರ ಸಬ್ಸಿಡಿ (ಗರಿಷ್ಠ 25 ಲಕ್ಷ) ಇವೆಲ್ಲ ಅಲ್ಲಿಂದ. ಈ ಕಾರ್ಯಕ್ರಮಗಳಲ್ಲಿ ಭಾಷಣ ಕೇಳುವುದಕ್ಕಿಂತ ಕಂಪನಿಗಳ ಖರೀದಿ ವಿಭಾಗದವರ ಹತ್ತಿರ ಐದು ನಿಮಿಷ ಮಾತಾಡಿ ಬರುವುದೇ ದೊಡ್ಡ ಲಾಭ.

ಕಾಮಗಾರಿ ಮಾಡುವವರಿಗೆ ದಾರಿ ರಾಜ್ಯ ಸರ್ಕಾರದ ಕೆಟಿಪಿಪಿ ಕಾಯ್ದೆ (ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಯ ಕಾಯ್ದೆ), 1999ರದ್ದು. ಅದಕ್ಕೆ ತಿದ್ದುಪಡಿ ತಂದು ಎಸ್‌ಸಿ ಗುತ್ತಿಗೆದಾರರಿಗೆ ಶೇ. 17.15, ಎಸ್‌ಟಿಯವರಿಗೆ ಶೇ. 6.95 ಕಾಮಗಾರಿಗಳನ್ನು ಮೀಸಲಿಟ್ಟರು. ಮೊದಲು 50 ಲಕ್ಷದ ತನಕದ ಕೆಲಸಗಳಿಗೆ ಇದ್ದದ್ದು 2023ರಲ್ಲಿ 1 ಕೋಟಿಗೆ ಏರಿತು. ಈ ಮಿತಿಗಳು ಬದಲಾಗುತ್ತಿರುತ್ತವೆ, ಟೆಂಡರ್ ಪ್ರಕಟಣೆಯಲ್ಲಿ ಇರುವುದನ್ನೇ ನಂಬಿ. ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರ ಲೈಸೆನ್ಸ್, ಡಿಜಿಟಲ್ ಸಿಗ್ನೇಚರ್, ರಾಜ್ಯದ ಖರೀದಿ ಪೋರ್ಟಲ್ ಕೆಪಿಪಿಪಿಯಲ್ಲಿ ನೋಂದಣಿ, ಇಷ್ಟು ಬೇಕು.

ಇಲ್ಲೇ ಒಂದು ಮಾತು ಹೇಳಲೇಬೇಕು. ಲೈಸೆನ್ಸ್ ಆದ ಕೂಡಲೇ ಊರಿನ ದೊಡ್ಡ ಗುತ್ತಿಗೆದಾರರು ಯಾರಾದರೂ ಬಂದು, "ಹೆಸರು ನಿಮ್ದು ಇರ್ಲಿ, ಕೆಲಸ ನಾವು ಮಾಡ್ತೀವಿ, ನಿಮಗೆ ಇಷ್ಟು ಪರ್ಸೆಂಟು" ಅನ್ನಬಹುದು. ಕೂತಲ್ಲೇ ದುಡ್ಡು ಅನ್ನಿಸುತ್ತದೆ, ಅಲ್ವಾ? ಆದರೆ ಬಿಲ್ಲು ನಿಮ್ಮ ಹೆಸರಲ್ಲಿ, ಜಿಎಸ್‌ಟಿ ನಿಮ್ಮ ತಲೆ ಮೇಲೆ, ಆದಾಯ ತೆರಿಗೆ ನೋಟಿಸ್ ನಿಮ್ಮ ಮನೆಗೆ. ಚರಂಡಿ ಕುಸಿದರೆ ಕಪ್ಪುಪಟ್ಟಿಗೆ ಹೋಗುವುದೂ ನೀವೇ. ಕೆಲಸ ಮಾಡಿದ ಅನುಭವ ಮಾತ್ರ ನಿಮಗೆ ಬಂದಿರುವುದಿಲ್ಲ. ಬೇಡ. ಐದು ಲಕ್ಷದ ಕೆಲಸವಾದರೂ ಸ್ವಂತ ಮಾಡಿ.

ಕೊನೆಗೆ ದುಡ್ಡು ವಸೂಲಿ. ಎಂಎಸ್‌ಎಂಇ ಕಾಯ್ದೆ, 2006ರ ಪ್ರಕಾರ ಸರಕನ್ನು ಒಪ್ಪಿಕೊಂಡ ಮೇಲೆ, ಒಪ್ಪಂದದಲ್ಲಿ ಏನೇ ಬರೆದಿರಲಿ, 45 ದಿನದೊಳಗೆ ಪಾವತಿ ಆಗಬೇಕು. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೇಳಲು ಜಾಗ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್ (ಸಣ್ಣ ಉದ್ದಿಮೆಗಳ ಬಾಕಿ ಪಾವತಿಯ ತಕರಾರು ಕೇಳುವ ಮಂಡಳಿ), ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಆರ್ಡರ್ ತೆಗೆದುಕೊಳ್ಳುವ ಮೊದಲೇ ಉದ್ಯಮ್ ಆಗಿರಲಿ, ಆಮೇಲೆ ಮಾಡಿಸಿದರೆ ಎದುರಿನವರು ಅದನ್ನೇ ಹಿಡಿದು ಜಗ್ಗುತ್ತಾರೆ. ಪರ್ಚೇಸ್ ಆರ್ಡರ್, ಇನ್‌ವಾಯ್ಸ್, ಡೆಲಿವರಿ ಚಲನ್ ಮೇಲೆ ಸ್ಟೋರ್ಸ್‌ನವರ ಸಹಿ, ಮೊಹರು, ತಾರೀಖು, ಇವಿಷ್ಟರ ಪ್ರತಿ ಇಟ್ಟುಕೊಳ್ಳಿ. ತಾರೀಖಿಲ್ಲದ ಸಹಿ ಹಾಕಿಕೊಟ್ಟರೆ ಅಲ್ಲೇ ನಿಂತು ಹಾಕಿಸಿಕೊಂಡು ಬನ್ನಿ, 45 ದಿನದ ಎಣಿಕೆ ಶುರುವಾಗುವುದು ಅದರಿಂದಲೇ.